ಗಂಗೊಳ್ಳಿಯಲ್ಲಿ ಗಾಳ: ದೋಣಿಗೆ ಫುಲ್ ಮಾರ್ಕ್ಸ್, ಬುಕ್ ಮಾಡಿಕೊಟ್ಟವರು ಫೇಲ್

ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಮೀನು ಎದೆಗೆ ಅವುಚಿಕೊಂಡು ಫೋಟೊ ತೆಗೆಸಿಕೊಳ್ಳಬೇಕು ಅಂತ ಹೋಗುವವರಿಗೆ ಕುಂದಾಪುರ ಪಕ್ಕದ ಗಂಗೊಳ್ಳಿಯ ಈ ಗಾಳದ ಟ್ರಿಪ್ ಅಲ್ಲ. ಸಣ್ಣ ಫೈಬರ್ ದೋಣಿಯಲ್ಲಿ ಕೂತು, ಬಿಸಿಲು ಕಾಯಿಸಿಕೊಂಡು, ಎರಡು ದಿನ ತೊಳೆದರೂ ಹೋಗದ ವಾಸನೆ ಕೈಗೆ ಹತ್ತಿಸಿಕೊಂಡು, ಸಿಕ್ಕಿದ್ದನ್ನು ಸಾರು ಮಾಡಿಸಿ ಉಣ್ಣೋಣ ಅನ್ನುವವರು ಕಣ್ಣು ಮುಚ್ಚಿಕೊಂಡು ಹೋಗಬಹುದು. ಆದರೆ ನಾವು ಬುಕ್ ಮಾಡಿದ ರೀತಿಯಲ್ಲಿ ಮಾತ್ರ ಬುಕ್ ಮಾಡಬೇಡಿ.

2026ರ ಜನವರಿ 26 ಸೋಮವಾರ ಬಂದಿತ್ತು. ಶನಿವಾರ, ಭಾನುವಾರ ಸೇರಿಸಿದರೆ ಮೂರು ದಿನ. ಬೆಂಗಳೂರಲ್ಲಿ ಸಾಲಾಗಿ ಮೂರು ದಿನ ರಜೆ ಅಂದರೆ ಏನು ಅಂತ ಗೊತ್ತಲ್ಲ, ಅರ್ಧ ಊರು ನೆಲಮಂಗಲದ ಟೋಲ್‌ನಲ್ಲಿ ನಿಂತಿರುತ್ತದೆ. ನಾವು ನಾಲ್ಕು ಜನ: ನಾನು, ನನ್ನ ತಮ್ಮ, ಆಫೀಸಿನ ಗೆಳತಿ, ಅವಳ ಯಜಮಾನರು. ಪಂಚಗಂಗಾ ಎಕ್ಸ್‌ಪ್ರೆಸ್ ಟಿಕೆಟ್ ಮುಂಚೆಯೇ ತೆಗೆದಿಟ್ಟಿದ್ದೆವು. ಈಗ ಬುಕಿಂಗ್ ಅರವತ್ತು ದಿನ ಮೊದಲು ಶುರುವಾಗುತ್ತದೆ, ಇಂಥ ವಾರಾಂತ್ಯಕ್ಕೆ ಆ ದಿನವೇ ಕೂತು ತೆಗೆಯಬೇಕು, ಇಲ್ಲದಿದ್ದರೆ ಬಸ್ಸಿನವರು ಕೇಳಿದಷ್ಟು ಕೊಟ್ಟು ಶಿರಾಡಿಯಲ್ಲಿ ಲಾರಿ ಹಿಂದೆ ನಿಲ್ಲಬೇಕು. ಶುಕ್ರವಾರ ಸಂಜೆ ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ಬೆಳಗಿನ ಜಾವ ಕುಂದಾಪುರ. ಸ್ಟೇಷನ್ ಪೇಟೆಯಿಂದ ಸ್ವಲ್ಪ ದೂರ, ಗಂಗೊಳ್ಳಿಯಂತೂ ಹೊಳೆಯ ಆಚೆ ದಡ, ಕಣ್ಣಿಗೆ ಕಾಣುತ್ತದೆ ಆದರೆ ರಸ್ತೆಯಲ್ಲಿ ತ್ರಾಸಿ ಕಡೆಯಿಂದ ಸುತ್ತಿ ಬರಬೇಕು. ಗಾಡಿ ಮೊದಲೇ ಹೇಳಿಟ್ಟುಕೊಳ್ಳಿ.

ಈಗ ಬುಕಿಂಗ್ ಕಥೆ. ಬೆಂಗಳೂರಿನ ಒಬ್ಬ ಟ್ರಿಪ್ ಏಜೆಂಟ್ ಮೂಲಕ ಮಾಡಿಸಿದ್ದು, ಹೆಸರು ಬೇಡ. ತಲೆಗೆ ಒಂಬತ್ತೂವರೆ ಸಾವಿರ. ಅದರಲ್ಲಿ ಎರಡು ರಾತ್ರಿ ರೂಮು, ಊಟ, ಎರಡು ಸಲ ಕಡಲಿಗೆ, ಗಾಳದ ರಾಡು, ಲೈಫ್ ಜಾಕೆಟ್ ಎಲ್ಲ ಸೇರಿದೆ ಅಂದರು. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊಗಳಲ್ಲಿ ಮನುಷ್ಯನ ಅರ್ಧ ಎತ್ತರದ ಟ್ರೆವಲಿ ಮೀನುಗಳು. ಹಿಂದೆ ನೀರು ಗಾಜಿನಷ್ಟು ತಿಳಿ ನೀಲಿ. ನನ್ನ ತಮ್ಮ ನೋಡಿದ ತಕ್ಷಣ "ಅಕ್ಕಾ, ಇದು ಅಂಡಮಾನ್ ಕಣೇ" ಅಂದ. ಹೌದು, ಐದು ಹೊಳೆ ಬಂದು ಸೇರುವ ಗಂಗೊಳ್ಳಿಯ ಬಾಯಲ್ಲಿ ಆ ಬಣ್ಣದ ನೀರು ಎಲ್ಲಿಂದ ಬರಬೇಕು? ಇಲ್ಲಿನ ನೀರು ಹಸಿರು, ಮಳೆಗಾಲದಲ್ಲಿ ಕೆಂಪು. ಕೇಳಿದಾಗ "ಅದು ಸುಮ್ನೆ ಸ್ಯಾಂಪಲ್ ಮೇಡಂ" ಅಂದರು. ಮೀನಿಗೂ ಸ್ಯಾಂಪಲ್!

ಹೋದ ಮೇಲೆ ಲೆಕ್ಕ ಬಿಚ್ಚಿಕೊಂಡಿತು. ದೋಣಿಯವರಿಗೆ ಏಜೆಂಟ್ ಕೊಡುವುದು ದಿನಕ್ಕೆ ಆರು ಸಾವಿರ, ಅದರಲ್ಲೇ ಎಣ್ಣೆ ಖರ್ಚು. ಎರಡು ದಿನಕ್ಕೆ ಹನ್ನೆರಡು. ರೂಮು ದಿನಕ್ಕೆ ಒಂದೂವರೆ ಸಾವಿರದ್ದು, ಎರಡು ರೂಮು ಎರಡು ರಾತ್ರಿಗೆ ಆರು ಸಾವಿರ. ಊಟಕ್ಕೆ ಧಾರಾಳವಾಗಿ ನಾಲ್ಕು ಇಟ್ಟುಕೊಳ್ಳಿ. ಒಟ್ಟು ಇಪ್ಪತ್ತೆರಡು ಸಾವಿರ. ನಾವು ಕೊಟ್ಟಿದ್ದು ಮೂವತ್ತೆಂಟು. ಉಳಿದ ಹದಿನಾರು ಸಾವಿರಕ್ಕೆ ಅವರು ಮಾಡಿದ ಕೆಲಸ ಏನು ಅಂದರೆ ಒಂದು ಲೊಕೇಶನ್ ಕಳಿಸಿದ್ದು, ಎರಡು ಗುಡ್ ಮಾರ್ನಿಂಗ್ ಮೆಸೇಜು, ಮತ್ತೆ ತುಕ್ಕು ಹಿಡಿದ ರಾಡು. ಮಧ್ಯದವರು ಲಾಭ ತಿನ್ನಬಾರದು ಅಂತ ಅಲ್ಲ. ತಿಂದಿದ್ದಕ್ಕೆ ಏನಾದರೂ ಮಾಡಬೇಕು ಅಲ್ವಾ?

ಆ ರಾಡುಗಳ ಬಗ್ಗೆ ಎರಡು ಮಾತು. ಉಪ್ಪುನೀರಲ್ಲಿ ಬಳಸಿದ, ದಾರ ಸುತ್ತುವ ರೀಲನ್ನು ಅವತ್ತೇ ಸಿಹಿನೀರಲ್ಲಿ ತೊಳೆದು ಒರೆಸದಿದ್ದರೆ ಬೇರಿಂಗು, ಸ್ಪ್ರಿಂಗು ಎಲ್ಲ ಕಚ್ಚಿಕೊಳ್ಳುತ್ತವೆ. ನಮಗೆ ಕೊಟ್ಟ ಒಂದು ರೀಲಿನ ಹಿಡಿಕೆ ತಿರುಗಿಸಿದರೆ ಕಾಫಿಬೀಜ ಪುಡಿ ಮಾಡುವ ಸದ್ದು. ಇನ್ನೊಂದರಲ್ಲಿ ಡ್ರ್ಯಾಗ್ ಪೂರ್ತಿ ಬಿಗಿದು ನಿಂತಿತ್ತು, ಅಂದರೆ ಮೀನು ಎಳೆದಾಗ ದಾರ ಬಿಟ್ಟುಕೊಡಬೇಕಾದ ಜಾಗದಲ್ಲಿ ಅದು ಬಿಡುವುದೇ ಇಲ್ಲ, ದಾರ ಹರಿಯುತ್ತದೆ ಅಷ್ಟೇ. ಲೈಫ್ ಜಾಕೆಟ್ ನಾಲ್ಕರಲ್ಲಿ ಒಂದರ ಬಕಲ್ ಮುರಿದಿತ್ತು. ಇದು ನನಗೆ ನಿಜವಾಗಿ ಸಿಟ್ಟು ಬರಿಸಿದ ವಿಷಯ. ರಾಡು ಕೆಟ್ಟರೆ ಮೀನು ಹೋಗುತ್ತದೆ, ಜಾಕೆಟ್ ಕೆಟ್ಟರೆ? ದೋಣಿ ನಡೆಸುವ ತಾಂಡೇಲರು ಅದನ್ನು ನೋಡಿ ಏನೂ ಮಾತಾಡದೆ ತಮ್ಮ ಮನೆಯಿಂದ ಇನ್ನೊಂದು ತರಿಸಿದರು. ತರಿಸುವವರೆಗೆ ಎಂಜಿನ್ ಶುರು ಮಾಡಲಿಲ್ಲ.

ಈ ತಾಂಡೇಲರಿಗೋಸ್ಕರವೇ ನಾನು ಇಷ್ಟುದ್ದ ಬರೆಯುತ್ತಿರುವುದು. ಐವತ್ತು ದಾಟಿದವರು, ಮಾತು ಕಡಿಮೆ. ಜೊತೆಗೆ ಅವರ ಅಳಿಯ, ಇಪ್ಪತ್ತರ ಹುಡುಗ. ದೋಣಿ ಸುಮಾರು ಇಪ್ಪತ್ತೆಂಟು ಅಡಿಯ ಫೈಬರಿನದು, ಹಿಂದೆ ಔಟ್‌ಬೋರ್ಡ್ ಎಂಜಿನ್, ನೆರಳಿಗೆ ಅರ್ಧಕ್ಕೆ ಕಟ್ಟಿದ ಟಾರ್ಪಾಲು. ಹತ್ತುವ ಮೊದಲು ಎಲ್ಲರ ಆಧಾರ್ ನೋಡಿದರು, ಪ್ರತಿ ಇಟ್ಟುಕೊಂಡರು. ಕರಾವಳಿ ಕಾವಲು ಪೊಲೀಸರು ಕೇಳಿದರೆ ತೋರಿಸಬೇಕಂತೆ. ನೆಟ್‌ವರ್ಕ್ ಸ್ವಲ್ಪ ದೂರ ಹೋದ ಮೇಲೆ ಬಂದುಹೋಗಿ ಮಾಡುತ್ತದೆ, ಅದಕ್ಕೆ ಮೊದಲೇ ಎರಡು ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ ಅಂದರು: ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093. ಏಜೆಂಟ್ ಕಳಿಸಿದ ನಾಲ್ಕು ಪುಟದ ಪಿಡಿಎಫ್‌ನಲ್ಲಿ ಈ ಎರಡು ನಂಬರ್ ಇರಲಿಲ್ಲ, "ಸೆಲ್ಫಿ ಪಾಯಿಂಟ್ಸ್" ಅಂತ ಒಂದು ಪುಟ ಇತ್ತು.

ಶನಿವಾರ ಕಡಲಿಗೆ ಹೋಗಲಿಲ್ಲ. ರೈಲಿನಲ್ಲಿ ನಿದ್ದೆಗೆಟ್ಟವರನ್ನು ದೋಣಿ ಹತ್ತಿಸುವುದಿಲ್ಲ ಅಂತ ಅವರದೇ ನಿಯಮ. ಸಂಜೆ ಹೊಳೆಯ ದಂಡೆಯಲ್ಲಿ ಕೂತು ಸೀಗಡಿ ಸಿಕ್ಕಿಸಿ ಗಾಳ ಹಾಕಿದೆವು. ಮರಳಿನ ಜಾಗದಲ್ಲಿ ಎರಡು ಕಾಣೆ ಮೀನು ಸಿಕ್ಕಿತು, ಬೆರಳುದ್ದದ್ದು, ವಾಪಸ್ ಬಿಟ್ಟೆವು.

ಭಾನುವಾರ ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಹೊರಟೆವು. ಈ ದಡದಲ್ಲಿ ಚಳಿಗಾಲದ ಲೆಕ್ಕ ಸರಳ: ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ತೆಳುಗಾಳಿ, ನೀರು ಸಮತಟ್ಟು. ಹನ್ನೊಂದು ಗಂಟೆ ದಾಟಿದಂತೆ ವಾಯವ್ಯದಿಂದ ಗಾಳಿ ಎದ್ದು ನೀರು ಕೆದರಲು ಶುರು. ಅದಕ್ಕೆ "ಮಧ್ಯಾಹ್ನದ ಫಿಶಿಂಗ್" ಅಂತ ಯಾರಾದರೂ ಮಾರಿದರೆ ತೆಗೆದುಕೊಳ್ಳಬೇಡಿ.

ಅಳಿವೆ ದಾಟುವುದೇ ಒಂದು ಅನುಭವ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ, ಐದೂ ಹೊಳೆಯ ನೀರು ಇಲ್ಲಿ ಕಡಲಿಗೆ ನುಗ್ಗುತ್ತದೆ, ಹೊರಗಿನಿಂದ ಅಲೆ ಒಳಗೆ ನುಗ್ಗುತ್ತದೆ, ಎರಡೂ ಎದುರಾಗುವ ಜಾಗದಲ್ಲಿ ಮರಳದಿನ್ನೆ. ಇಳಿತದ ಹೊತ್ತಿನಲ್ಲಿ ಹೊಳೆಯ ಎಳೆತ ಜಾಸ್ತಿ, ಅಲೆ ಗೋಡೆಯಂತೆ ನೆಟ್ಟಗೆ ಏಳುತ್ತದೆ. ತಾಂಡೇಲರು ತಡೆಗೋಡೆಯ ಒಳಗೇ ಎಂಜಿನ್ ನಿಧಾನ ಮಾಡಿ ನಿಂತರು. ನಾನು ಏನೋ ಕೆಟ್ಟಿದೆ ಅಂದುಕೊಂಡೆ. ಅವರು ಅಲೆ ಎಣಿಸುತ್ತಿದ್ದರು. ದೊಡ್ಡವು ಒಂದರ ಹಿಂದೆ ಒಂದು ಬಂದು ಹೋಗುವವರೆಗೆ ಸುಮ್ಮನಿದ್ದು, ನೀರು ಸ್ವಲ್ಪ ತಣ್ಣಗಾದ ತಕ್ಷಣ ಒಮ್ಮೆಲೇ ಎಂಜಿನ್ ಏರಿಸಿ, ಮೂತಿಯನ್ನು ಅಲೆಗೆ ನೇರ ಹಿಡಿದು ಹೊರಗೆ ತಂದರು. ಎರಡು ಸಲ ಕುಂಡೆ ಹಲಗೆಯಿಂದ ಎದ್ದು ಬಿತ್ತು. ಆಮೇಲೆ ನೋಡಿದರೆ ಸುತ್ತ ಎಣ್ಣೆ ಸುರಿದಷ್ಟು ನಯವಾದ ನೀರು, ಹಿಂದೆ ಘಟ್ಟದ ಸಾಲು, ಕೋಡಿಯ ದೀಪಸ್ತಂಭ.

ಅವರ ಹತ್ತಿರ ಜಿಪಿಎಸ್ ಇದೆ. ಆದರೂ ನೀರಿನಡಿಯ ಕಲ್ಲು ಎಲ್ಲಿದೆ ಅಂತ ನೋಡಲು ದೀಪಸ್ತಂಭಕ್ಕೂ ಹಿಂದಿನ ಬೆಟ್ಟದ ಒಂದು ತುದಿಗೂ ಗೆರೆ ಹಿಡಿಯುತ್ತಾರೆ. ಗೆರೆ ಕೂಡಿದ ಕಡೆ ಲಂಗರು. ಅಡಿಗೆ ಎಷ್ಟು ಆಳ ಅಂದರೆ "ಹತ್ತ್ ಮಾರ್" ಅಂದರು, ಅಂದರೆ ಸುಮಾರು ಹದಿನೆಂಟು ಮೀಟರ್. ಅವತ್ತು ರಥಸಪ್ತಮಿ. ಸಪ್ತಮಿ, ಅಷ್ಟಮಿಯ ನೀರು ಅಂದರೆ ಉಬ್ಬರ ಇಳಿತದ ವ್ಯತ್ಯಾಸ ಕಡಿಮೆ, ಹುಣ್ಣಿಮೆ ಅಮಾವಾಸ್ಯೆಯ ಹಾಗೆ ಎಳೆತ ಇರುವುದಿಲ್ಲ. ಹೊಸಬರಿಗೆ ಇದು ಅನುಕೂಲ, ಸಣ್ಣ ಸೀಸದ ಗುಂಡಿಗೇ ದಾರ ನೆಟ್ಟಗೆ ಇಳಿಯುತ್ತದೆ, ನಾಲ್ಕು ಜನರ ದಾರ ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಆದರೆ ಮೀನು ಕಚ್ಚುವುದೂ ಸ್ವಲ್ಪ ಸೋಮಾರಿತನದಲ್ಲೇ ಅಂತ ಮೊದಲೇ ಹೇಳಿದರು. ದಿನ ಆರಿಸುವಾಗ ಕ್ಯಾಲೆಂಡರಿನಲ್ಲಿ ರಜೆ ನೋಡಿದ ಹಾಗೇ ತಿಥಿಯನ್ನೂ ನೋಡಿ.

ಗಾಳದ ವಿಷಯಕ್ಕೆ ಬರೋಣ. ತಾಂಡೇಲರು ಕೊಟ್ಟಿದ್ದು ಪಿವಿಸಿ ಪೈಪಿನ ತುಂಡಿಗೆ ಸುತ್ತಿದ ದಪ್ಪ ನೈಲಾನ್ ದಾರ, ತುದಿಗೆ ಸೀಸ, ಅದರ ಮೇಲೆ ಎರಡು ಗಾಳ, ಎರೆಗೆ ಬೊಂಡಾಸಿನ (ಸ್ಕ್ವಿಡ್) ಪಟ್ಟಿ. ಸೀಸ ತಳ ಮುಟ್ಟಿದಾಗ ದಾರ ಸಡಿಲವಾಗುತ್ತದೆ, ಅಲ್ಲಿಂದ ಒಂದು ಮೊಳ ಮೇಲೆತ್ತಿ ತೋರುಬೆರಳಿನ ಮೇಲೆ ದಾರ ಇಟ್ಟು ಕೂರಬೇಕು. ನನ್ನ ಗೆಳತಿ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಹ್ವಾಯ್, ಸುತ್ಕಂಬೇಡಿ ಮಾರಾಯ್ರೆ, ದೊಡ್ಡದ್ ಹಿಡಿದ್ರೆ ಬೆರಳೇ ಹೋತ್ತ್" ಅಂತ ಕೂಗಿದರು. ಅವರು ಎರಡು ದಿನದಲ್ಲಿ ದನಿ ಏರಿಸಿದ್ದು ಅದೊಂದೇ ಸಲ.

ಕಲ್ಲಿನ ಸಂದಿಯ ಮುರು ಮೀನು (ಗ್ರೂಪರ್) ಕಚ್ಚುವ ರೀತಿ ಬೇರೆ. ಟಕ್ ಟಕ್ ಅಂತ ಕುಕ್ಕುವುದಿಲ್ಲ. ಒಂದೇ ಸಲ ಭಾರ ತೂಗಿದಂತೆ ಆಗಿ, ಕೆಳಗೆ ಜಗ್ಗುತ್ತದೆ. ಆ ಕ್ಷಣಕ್ಕೆ ಎರಡು ಮಾರು ದಾರ ಎಳೆದುಕೊಳ್ಳದಿದ್ದರೆ ಅದು ಸಂದಿಗೆ ನುಗ್ಗಿ ಕಿವಿರು ಅಗಲಿಸಿ ಕೂತುಬಿಡುತ್ತದೆ, ಆಮೇಲೆ ಯಾರಪ್ಪ ಬಂದರೂ ಬರುವುದಿಲ್ಲ. ನನಗೆ ಸಿಕ್ಕಿದ್ದು ಒಂದು ಕೆಜಿ ಹತ್ತಿರದ್ದು. ಕಂದು ಮೈ, ಕಿತ್ತಳೆ ಚುಕ್ಕೆ, ಬಾಯಿ ತೆರೆದರೆ ನನ್ನ ಮುಷ್ಟಿ ಹೋಗುವಷ್ಟು. ಖುಷಿ ಆಯಿತಾ? ಆಯಿತು, ಚೆನ್ನಾಗಿಯೇ ಆಯಿತು. ಮಿಕ್ಕಂತೆ ನಸುಗೆಂಪು ಮದಿಮಾಲ್ ಒಂದಷ್ಟು, ಬಂಗುಡೆ, ಮತ್ತೆ ತೇಡೆ, ಅಂದರೆ ಕಡಲ ಕ್ಯಾಟ್‌ಫಿಶ್.

ತೇಡೆ ಬಗ್ಗೆ ಎಚ್ಚರ. ಬೆನ್ನಿನ ಮೇಲೊಂದು, ಎರಡು ಕಿವಿರಿನ ಪಕ್ಕ ಒಂದೊಂದು ಗರಗಸದಂಥ ಮುಳ್ಳು, ಅದರಲ್ಲಿ ವಿಷ. ಗೆಳತಿಯ ಯಜಮಾನರು ಗಾಳ ಬಿಡಿಸಲು ಹೋಗಿ ಅಂಗೈಗೆ ಚುಚ್ಚಿಸಿಕೊಂಡರು. ಐದು ನಿಮಿಷದಲ್ಲಿ ಮೊಣಕೈವರೆಗೆ ಉರಿ. ಹುಡುಗ ಫ್ಲಾಸ್ಕಿನಲ್ಲಿದ್ದ ಬಿಸಿನೀರನ್ನು ತಡೆದುಕೊಳ್ಳುವಷ್ಟು ಹದ ಮಾಡಿ ಬಕೆಟ್ಟಿಗೆ ಸುರಿದು ಕೈ ಅದ್ದಿಸಿ ಕೂರಿಸಿದ. ಶಾಖಕ್ಕೆ ಆ ವಿಷ ಬಲ ಕಳೆದುಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಅವರು ಚಹಾ ಕೇಳಿದರು. ದಡಕ್ಕೆ ಬಂದ ಮೇಲೆ ಡಾಕ್ಟರ ಹತ್ತಿರ ಹೋಗಿ ಟಿಟಿ ಹಾಕಿಸಿಕೊಂಡರು. ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಂಡೇ ಕಡಲಿಗೆ ಹೋಗುವ ದೋಣಿ ಇದು, ಅದನ್ನು ನಾನು ಬೇರೆ ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ರಾಡು ತೆಗೆದುಕೊಂಡು ಹೋಗುವುದು ದಂಡ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪಲ್ಲ. ಕಲ್ಲಿನ ಮೇಲೆ ಲಂಗರು ಹಾಕಿ ಕೂತಾಗ ಕೈದಾರವೇ ಸರಿ, ತಳ ಬೆರಳಿಗೆ ಗೊತ್ತಾಗುತ್ತದೆ. ಆದರೆ ದೋಣಿ ನಿಧಾನ ಓಡುವಾಗ ಹಿಂದೆ ಆಟಿಕೆ ಮೀನು ಎಳೆದುಕೊಂಡು ಹೋಗುವುದಕ್ಕೆ ರಾಡು, ಒಳ್ಳೆಯ ರೀಲು ಬೇಕೇ ಬೇಕು. ತಮ್ಮ ತನ್ನ ಏಳಡಿ ರಾಡು, 5000 ನಂಬರಿನ ಸೈಜಿನ ರೀಲು, ಹೆಣೆದ ದಾರ ತಂದಿದ್ದ. ತುದಿಗೆ ತಂತಿ ಕಟ್ಟಿಸಿದರು ತಾಂಡೇಲರು, ಅಂಜಲ್ ಮೀನಿನ ಹಲ್ಲಿಗೆ ನೈಲಾನ್ ಲೆಕ್ಕಕ್ಕಿಲ್ಲ. ವಾಪಸ್ ಬರುವಾಗ ಎರಡು ಕೆಜಿಯ ಒಂದು ಅಂಜಲ್ ಹೊಡೆಯಿತು. ರೀಲು ಕಿರುಚಿದ್ದಕ್ಕಿಂತ ಜಾಸ್ತಿ ಇವನು ಕಿರುಚಿದ. ಏಜೆಂಟ್ ಕೊಟ್ಟ ರಾಡಿಗೆ ಸಿಕ್ಕಿದ್ದರೆ ಆ ಮೀನು ಈಗಲೂ ಕಡಲಲ್ಲೇ ಇರುತ್ತಿತ್ತು.

ಹೆಂಗಸರಿಗೆ ಒಂದು ಮಾತು, ಯಾರೂ ಬರೆಯುವುದಿಲ್ಲ ಅಂತ ನಾನೇ ಬರೆಯುತ್ತೇನೆ. ಇಂಥ ದೋಣಿಯಲ್ಲಿ ಟಾಯ್ಲೆಟ್ ಇಲ್ಲ. ಐದಾರು ಗಂಟೆ ನೀರಿನ ಮೇಲೆ. ಗಂಡಸರು ಹಿಂದಕ್ಕೆ ಹೋಗಿ ನಿಲ್ಲುತ್ತಾರೆ, ನಾವು? ಅದಕ್ಕೇ ನೀರು ಕುಡಿಯದೆ ಕೂತರೆ ಬಿಸಿಲಿಗೆ ತಲೆ ಸುತ್ತುತ್ತದೆ. ತಾಂಡೇಲರ ಮನೆಯವರು ಇದನ್ನು ಯೋಚಿಸಿ ಒಂದು ಬಕೆಟ್ಟು, ಟಾರ್ಪಾಲಿಗೆ ಕಟ್ಟಲು ಹಳೆ ಸೀರೆ ಕಳಿಸಿದ್ದರು. ಸಾಕಾಯಿತು. ಏಜೆಂಟರಿಗೆ ಇದನ್ನು ಕೇಳಿದಾಗ "ಹಾಗೆಲ್ಲ ಯಾರೂ ಕೇಳಿಲ್ಲ ಮೇಡಂ" ಅಂದಿದ್ದರು.

ವಾಂತಿ ಆಗುವವರು ಅವೊಮಿನ್ ಮಾತ್ರೆಯ ಬಗ್ಗೆ ಹೋಗುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿ ಉಪಯೋಗ ಇಲ್ಲ, ಮೊದಲೇ ತೆಗೆದುಕೊಳ್ಳಬೇಕು, ನಿದ್ದೆ ಬರಿಸುತ್ತದೆ ಅನ್ನುವುದೂ ನೆನಪಿರಲಿ. ಫೋನ್ ನೋಡಬೇಡಿ, ದೂರದ ದಡ ನೋಡಿ.

ಸೋಮವಾರ ನಡೆದಿದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಪ್ಪಂದದಲ್ಲಿ ಆರು ಗಂಟೆ ಕಡಲು ಅಂತ ಇತ್ತು. ಅವತ್ತು ಒಂಬತ್ತೂವರೆಗೇ ಗಾಳಿ ಬೀಸಲು ಶುರು, ದೂರದಲ್ಲಿ ಅಲೆಗಳ ತುದಿ ಬೆಳ್ಳಗಾಗುತ್ತಿತ್ತು. ನಮ್ಮ ಕಣ್ಣಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. ಮೀನು ಬೇರೆ ಆಗ ತಾನೇ ಕಚ್ಚಲು ಹಿಡಿದಿತ್ತು. ತಾಂಡೇಲರು ಲಂಗರು ಎತ್ತಿದರು. ಗೆಳತಿಯ ಯಜಮಾನರು, ಕೈ ವಾಸಿಯಾಗಿ ಹುರುಪು ಬಂದಿತ್ತು ಅಂತ ಕಾಣುತ್ತದೆ, "ಇನ್ನೂ ಎರಡು ಗಂಟೆ ಬಾಕಿ ಇದೆಯಲ್ಲ ಅಣ್ಣ, ದುಡ್ಡು ಕೊಟ್ಟಿದೀವಿ" ಅಂದರು. ಅವರು ನಗುತ್ತಲೇ, "ದುಡ್ಡ್ ಬೇಕಾರೆ ವಾಪಸ್ ಕೊಡ್ತೆ. ಅಳಿವೆ ಬಾಗ್ಲಲ್ಲಿ ನಿಮ್ಮನ್ನ ಹಾಕ್ಕಂಡ್ ಆಟ ಆಡುಕಾತಿಲ್ಲ. ಹೋಪ" ಅಂದರು. "ಹೋಪ" ಅಂದರೆ ಹೋಗೋಣ. ಮುಗಿಯಿತು. ಅಳಿವೆ ಹತ್ತಿರ ಬಂದಾಗ ಎಲ್ಲರೂ ಬಾಯಿ ಮುಚ್ಚಿಕೊಂಡೆವು. ನಿನ್ನೆ ಎರಡು ಸಲ ಎತ್ತಿ ಹಾಕಿದ ಜಾಗದಲ್ಲಿ ಇವತ್ತು ದೋಣಿಯ ಮೂತಿ ಆಕಾಶ ನೋಡುತ್ತಿತ್ತು. ಹಿಂದಿನಿಂದ ಬರುವ ಅಲೆಯ ಬೆನ್ನ ಮೇಲೇ ಕೂತು, ಅದಕ್ಕಿಂತ ಮುಂದೆ ಹೋಗದೆ ಹಿಂದೆ ಬೀಳದೆ, ಎಂಜಿನ್ ಹಿಡಿದು ಬಿಟ್ಟು ಒಳಗೆ ತಂದರು. ದಡದಲ್ಲಿ ಅವರು ನಿಜವಾಗಿಯೂ ಎರಡು ಸಾವಿರ ತೆಗೆದು ಚಾಚಿದರು. ನಾವು ತೆಗೆದುಕೊಳ್ಳಲಿಲ್ಲ ಬಿಡಿ. ಇನ್ಯಾವ ಪ್ಯಾಕೇಜಿನಲ್ಲೂ ಈ "ಹೋಪ" ಅನ್ನುವುದನ್ನು ಬರೆದು ಕೊಡುವುದಿಲ್ಲ, ಆದರೆ ಸಣ್ಣ ದೋಣಿಯಲ್ಲಿ ದುಡ್ಡು ಕೊಡಬೇಕಾದದ್ದು ಅದಕ್ಕೇ. ಹೋಗುವ ಹಿಂದಿನ ದಿನ ಕಡಲ ಸ್ಥಿತಿ ಹೇಳುವ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್‌ನ ಅಲೆ ಎತ್ತರದ ಮುನ್ಸೂಚನೆ ನೀವೂ ನೋಡಿಕೊಳ್ಳಿ, ತಾಂಡೇಲರ ಜೊತೆ ವಾದಕ್ಕೆ ಇಳಿಯುವ ಮೊದಲು ಉಪಯೋಗಕ್ಕೆ ಬರುತ್ತದೆ.

ಊಟ ಅವರ ಮನೆಯಲ್ಲೇ. ತಾಂಡೇಲರ ಮನೆಯವರು ಮಾಡಿದ ಮುರು ಮೀನಿನ ಸಾರು, ತೆಂಗಿನಕಾಯಿ ನುಣ್ಣಗೆ ರುಬ್ಬಿದ್ದು, ಹುಣಸೆಹುಳಿ ಚೂರು ಮುಂದೆ, ಕುಚ್ಚಲಕ್ಕಿ ಅನ್ನ. ತಲೆಯ ತುಂಡನ್ನು ಹಿಡಿದವರಿಗೇ ಬಡಿಸುವುದಂತೆ, ನನ್ನ ತಟ್ಟೆಗೆ ಬಂತು. ಮದಿಮಾಲ್ ಮಸಾಲೆ ಸವರಿ ಕಾವಲಿ ಮೇಲೆ ಹುರಿದರು. ಶಿವಾಜಿನಗರದ ರಸೆಲ್ ಮಾರ್ಕೆಟ್‌ನಲ್ಲಿ ಸಾವಿರದ ಆಸುಪಾಸು ಕೊಟ್ಟು ಅಂಜಲ್ ತರುವವಳು ನಾನು, ಅದು ರಾತ್ರಿಯಿಡೀ ಐಸಿನಲ್ಲಿ ಲಾರಿ ಪ್ರಯಾಣ ಮಾಡಿ ಬಂದ ಮೀನು. ಇದು ಮೂರು ಗಂಟೆ ಹಿಂದೆ ಒದ್ದಾಡುತ್ತಿದ್ದದ್ದು, ಮಾಂಸ ಪದರ ಪದರವಾಗಿ ಬಿಡುತ್ತದೆ. ರೂಮು ಸಾಧಾರಣ, ಫ್ಯಾನು ತಿರುಗುತ್ತದೆ, ಬಿಸಿನೀರು ಕೇಳಿದರೆ ಬರುತ್ತದೆ, ಅದರ ಬಗ್ಗೆ ಬರೆಯಲು ಇನ್ನೇನಿಲ್ಲ.

ಹೋಗುವ ಮನಸ್ಸಿದ್ದರೆ ಏಜೆಂಟ್ ಬಿಟ್ಟು ನೇರ ಬಂದರಿನಲ್ಲಿ ವಿಚಾರಿಸಿ. ಒಂದು ದಿನ ಮುಂಚೆ ಹೋಗಿ, ಸಂಜೆ ಬಲೆ ಹೊಲಿಯುತ್ತ ಕೂತವರನ್ನು ಕೇಳಿದರೆ ಸಾಕು, ಗಾಳದ ದೋಣಿ ಯಾರದು ಅಂತ ತೋರಿಸುತ್ತಾರೆ. ಜನರನ್ನು ಕರೆದೊಯ್ಯಲು ಅನುಮತಿ ಇದೆಯಾ, ಜಾಕೆಟ್ ಎಷ್ಟಿದೆ, ಗಾಳಿ ಬಂದರೆ ಏನು ಮಾಡುತ್ತೀರಿ ಅಂತ ಕೇಳಿ. ಮೂರನೆಯದಕ್ಕೆ "ಏನೂ ಆಗಲ್ಲ ಬನ್ನಿ" ಅಂದವರ ದೋಣಿ ಹತ್ತಬೇಡಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆ ಹೊತ್ತಿನಲ್ಲಿ ಈ ಅಳಿವೆ ನೋಡಲು ಹೋಗಬಹುದೇ ಹೊರತು ದಾಟಲು ಅಲ್ಲ.

ಮೀನು ತರುವವರು ಥರ್ಮಾಕೋಲ್ ಡಬ್ಬ ಗಂಗೊಳ್ಳಿಯಲ್ಲೇ ತೆಗೆದುಕೊಳ್ಳಿ, ಐಸು ಬಂದರಿನಲ್ಲೇ ಸಿಗುತ್ತದೆ. ಕರುಳು ತೆಗೆಸಿ, ಮೀನು ಐಸಿನ ನೀರಿಗೆ ತಾಗದಂತೆ ಕವರಿನಲ್ಲಿ ಕಟ್ಟಿ, ಡಬ್ಬಕ್ಕೆ ಸುತ್ತ ಮೂರು ಸುತ್ತು ಟೇಪು. ಟೇಪು ಎರಡು ಸುತ್ತಿಗೆ ನಿಲ್ಲಿಸಿದರೆ ಸಕಲೇಶಪುರ ದಾಟುವಾಗ ಕೆಳಗಿನ ಬರ್ತಿನವರು ಎದ್ದು ಲೈಟ್ ಹಾಕುತ್ತಾರೆ. ಮಂಗಳವಾರ ಬೆಳಿಗ್ಗೆ ನಮ್ಮ ರೈಲು ಯಶವಂತಪುರಕ್ಕೆ ಬರುವಷ್ಟರಲ್ಲಿ ಏಜೆಂಟ್ ಐದು ಸ್ಟಾರ್ ಕೇಳಿ ಮೆಸೇಜ್ ಹಾಕಿದ್ದರು. ಒಂದು ಕೊಟ್ಟೆ, ಅದೂ ಲೊಕೇಶನ್ ಸರಿಯಾಗಿ ಕಳಿಸಿದ್ದಕ್ಕೆ.